ಕಳ್ಳಿಹಣ್ಣಿನ ಮಿಠಾಯಿ

ಅಜ್ಜಿಯ ಬಲಗೈಯ ಮೂರು ಬೆರಳ ತುದಿಗಳು ಸದಾ ಕಡುಗೆಂಪಾಗಿರುತ್ತಿದ್ದವು. ಸೀಗೆ ಹಚ್ಚಿ ತಿಕ್ಕಿದರೂ ಹೋಗದ ಬಣ್ಣ, ಪಾಪಸುಕಳ್ಳಿ ಹಣ್ಣಿನದು. ಮಾತಾಡುತ್ತಲೇ ಆ ಬೆರಳುಗಳನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಹೊಕ್ಕ ಮುಳ್ಳು ಹುಡುಕುವುದು ಅವರ ಅಭ್ಯಾಸ.

ಅದು ಎಪ್ಪತ್ತರ ದಶಕ. ನನ್ನ ಯಜಮಾನರಿಗೆ ಧರ್ಮಪುರದ ಶಾಲೆಗೆ ವರ್ಗವಾಗಿ, ಮೈಸೂರು ಕಡೆಯವಳಾದ ನಾನು ನಾಲ್ಕು ವರ್ಷದ ಮಗಳೊಂದಿಗೆ ಆ ಊರಿಗೆ ಬಂದಿದ್ದೆ. ಅಜ್ಜಿ ಪಕ್ಕದ ಮನೆಯವರು, ಲಿಂಗ ಕಟ್ಟಿದವರು. ಪೇಟೆಯ ಜೆಲ್ಲಿ ಮಿಠಾಯಿಗೆ ಮೂಳೆ ಕುದಿಸಿದ ಅಂಟು ಹಾಕುತ್ತಾರೆಂದು ಯಾರೋ ಹೇಳಿದ ಮೇಲೆ ಅದನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಮಗಳು ಅದೇ ಬೇಕೆಂದು ಅತ್ತಾಗ, “ಮೂಳೆ ಯಾಕ್ ಬೇಕು ಕೂಸೆ, ಬೇಲದ ಹಣ್ಣಿನಾಗೆ ಬೇಕಾದಷ್ಟು ಅಂಟೈತೆ” ಅಂದರು.

ಕಳ್ಳಿಹಣ್ಣಿನ ಮೈಮೇಲೆ ಕೂದಲಿಗಿಂತ ಸಣ್ಣ ಮುಳ್ಳುಗಳಿರುತ್ತವೆ. ಅವರು ಅದಕ್ಕೆ ಸುಂಕು ಎನ್ನುತ್ತಿದ್ದರು. ಹಣ್ಣನ್ನು ಕೆಂಡದ ಮೇಲೆ ಹೊರಳಿಸಿ ಸುಂಕು ಸುಟ್ಟು, ಗೋಣಿತಟ್ಟಿನಲ್ಲಿ ತಿಕ್ಕಿ, ರಸ ಹಿಂಡಿ, ಎರಡು ಬಟ್ಟೆಗಳಲ್ಲಿ ಎರಡು ಸಲ ಸೋಸಬೇಕು. ಆಮೇಲೆ ಬೇಲದ ತಿರುಳು, ಬೆಲ್ಲ ಸೇರಿಸಿ ಗಟ್ಟಿಯಾಗುವವರೆಗೆ ಮಗುಚಿ, ತಟ್ಟೆಗೆ ಸುರಿದು, ಆರಿದ ಮೇಲೆ ಕೊಯ್ಯುವುದು. ಅವರ ಕಣ್ಣು ಮಂಜಾಗಿತ್ತು. ಅದಕ್ಕೇ ಸೋಸುವ ಕೆಲಸ ನನಗೆ.

“ಕಳ್ಳಿ ಕಂಡ್ರೆ ಹಾವು ಕಂಡಂಗೆ ಆಡ್ತೀಯಲ್ಲ, ಮೇಷ್ಟ್ರಮ್ಮ” ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಒಲೆಯ ಕಡೆಯಿಂದಲೇ ಕೇಳಿದರು: “ಎರಡ್ ಸಲ ಸೋಸಿದೇನಮ್ಮ?”

ನಮ್ಮ ಮನೆಯ ಒಲೆಯ ಮೇಲೆ ಅನ್ನ ಸೀಯುವ ವಾಸನೆ ಬರುತ್ತಿತ್ತು. ಹೂಂ ಅಂದೆ. ಸೋಸಿದ್ದು ಒಂದೇ ಸಲ.

ಸಂಜೆ ಮಗಳು ಮಿಠಾಯಿ ಚಪ್ಪರಿಸಿ ತಿಂದಳು. ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಅವಳು ಉಚ್ಚೆ ಹೊಯ್ದಾಗ ಕಲ್ಲು ಕೆಂಪಾಯಿತು. ಮಗುವನ್ನೆತ್ತಿಕೊಂಡು ಅಜ್ಜಿಯ ಮನೆಗೆ ನುಗ್ಗಿದೆ.

“ನಿಮ್ಮ ಮುಳ್ಳು ಮಗೂನ ಒಳಗೆಲ್ಲ ಕೊಯ್ದಿದೆ ಅಜ್ಜಿ. ರಕ್ತ ಹೋಗ್ತಾ ಇದೆ.”

“ರಕ್ತ ಅಲ್ಲ ಕಣಮ್ಮ, ಹಣ್ಣಿನ ಬಣ್ಣ. ನಮ್ ಹುಡುಗ್ರೆಲ್ಲ ಹಂಗೇ ಹೊಯ್ತವೆ. ನಮಗೆಲ್ಲ ಗೊತ್ತಿರೋದು ಅಂತ ನಿಂಗೆ ಹೇಳಾಕೆ ಹೊಳೀಲಿಲ್ಲ ನೋಡು.”

“ಗಂಟಲು ಚುಚ್ಚುತ್ತೆ ಅಂತಾಳೆ.”

ಅವರ ಮುಖದ ನಗು ಹೋಯಿತು. ಬಟ್ಟೆ ಒಣಹಾಕುವ ಗಳುವಿನ ಹತ್ತಿರ ಹೋಗಿ ಸೋಸುವ ಬಟ್ಟೆಗಳನ್ನು ಕೈಯಿಂದ ಮುಟ್ಟಿ ನೋಡಿದರು. ಒಂದು ಕೆಂಪಾಗಿ ಬಿರುಸಾಗಿತ್ತು. ಇನ್ನೊಂದು ಬೆಳ್ಳಗೆ, ಮಡಿಕೆ ಸಹ ಬಿಚ್ಚದೆ ಇತ್ತು. ನನ್ನ ಕಡೆ ತಿರುಗಿದರು.

“ನಡಿ, ಹಿರಿಯೂರಿಗೆ ಹೋಗಾಣ.”

ಬಸ್ಸಿನಲ್ಲಿ ಯಜಮಾನರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಅವಳು ಉಗುಳು ನುಂಗಿದಾಗಲೆಲ್ಲ ಮುಖ ಹಿಂಡುತ್ತಿದ್ದಳು. ಒಂದೊಂದು ಸಲವೂ ಮುಳ್ಳು ಇನ್ನಷ್ಟು ಕೆಳಗಿಳಿಯಿತೆಂದೇ ನನಗೆ ಅನ್ನಿಸುತ್ತಿತ್ತು. ದಾರಿ ಮುಗಿಯಲೇ ಇಲ್ಲ.

“ಯಾರು ಸೋಸಿದ್ದು ಅದನ್ನ?” ಎಂದು ಯಜಮಾನರು ಕೇಳಿದರು.

ನಾನು ಕಿಟಕಿಯಾಚೆ ನೋಡಿದೆ. ಅಜ್ಜಿ ಮುಂದಿನ ಸೀಟಿನಿಂದ ತಿರುಗಿದರು.

“ನಾನೇ ಕಣಪ್ಪ. ಒಂದೇ ಸಲ ಸೋಸ್ದೆ. ಕಣ್ಣು ಕಾಣಾಕಿಲ್ಲ.”

ಡಾಕ್ಟರು ಟಾರ್ಚು ಬಿಟ್ಟು, ಚಿಮಟದಲ್ಲಿ ಗಂಟಲಿನಿಂದ ಎರಡು ಸುಂಕು ತೆಗೆದರು. ಕೆಂಪು ಬರೀ ಹಣ್ಣಿನ ಬಣ್ಣವೇ ಎಂದರು. ಆಮೇಲೆ ಅಜ್ಜಿಯನ್ನು ಬೈದರು, ಬಹಳ ಹೊತ್ತು ಬೈದರು. ಅಜ್ಜಿ ಸೆರಗು ಹೊದ್ದು ನಿಂತು, “ತಪ್ಪಾತು ಸ್ವಾಮಿ” ಅನ್ನುತ್ತಿದ್ದರು. ನಾನು ಮಗಳ ಬಾಯಿ ಒರೆಸುತ್ತಿದ್ದೆ.

ಯಜಮಾನರು ಮಗುವನ್ನು ಮತ್ತೆ ಆ ಮನೆಗೆ ಬಿಡಲಿಲ್ಲ. ಅಜ್ಜಿ ಗೋಡೆಯಾಚೆಯಿಂದ “ಕೂಸು ಉಂಡಿತೇನಮ್ಮ?” ಎಂದು ದಿನಾ ಕೇಳುತ್ತಿದ್ದರು. ನಾನು ಬಿಳಿಯ ಬಟ್ಟೆಯ ಮಾತು ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ನಾವು ಹೊಸದುರ್ಗಕ್ಕೆ ವರ್ಗವಾಗಿ ಬಂದ ಮೂರನೆಯ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಯಜಮಾನರು ಪತ್ರ ಮಡಚಿಡುತ್ತ, “ಪಾಪ, ಒಳ್ಳೆ ಮುದುಕಿ. ಕಣ್ಣು ಕಾಣದೆ ಅವತ್ತು ಒಂದು ತಪ್ಪು ಮಾಡಿಬಿಟ್ಟಿತು” ಅಂದರು.

ಆಗಲೂ ನಾನು ಬಾಯಿ ಬಿಡಲಿಲ್ಲ.