ಬೆನ್ನಪ್ಪ ನೋಡಿದ ಫೈನಲ್

ಊರಿನ ದೊಡ್ಡ ಕ್ರೀಡಾಂಗಣದಲ್ಲಿ ನಡೆದ ಫುಟ್‌ಬಾಲ್ ಪಂದ್ಯಗಳನ್ನು ಬೆನ್ನಪ್ಪನಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿಲ್ಲ ಎಂದು ಅವನ ಬೀದಿಯವರೆಲ್ಲ ನಂಬಿದ್ದರು. ಹತ್ತಿರ ಎನ್ನುವುದೇನೋ ನಿಜ. ಚೆಂಡು ಗೆರೆ ದಾಟಿ ಬಂದು ಎಷ್ಟೋ ಸಲ ಅವನ ಬೂಟಿನ ಹಿಮ್ಮಡಿಗೆ ಬಡಿದಿತ್ತು. ಕಂಡದ್ದು ಮಾತ್ರ ಸುಳ್ಳು. ಪೊಲೀಸ್ ಇಲಾಖೆ ಅವನನ್ನು ಅಲ್ಲಿ ನಿಲ್ಲಿಸುತ್ತಿದ್ದುದು ಆಟ ನೋಡಲಿಕ್ಕಲ್ಲ, ಆಟ ನೋಡುವವರನ್ನು ನೋಡಲಿಕ್ಕೆ. ಮೈದಾನಕ್ಕೆ ಬೆನ್ನು, ಜನಕ್ಕೆ ಮುಖ: ಇದು ಬಂದೋಬಸ್ತಿನ ಮೊದಲ ಪಾಠ. ಈ ಪಾಠ ಕಲಿತವರು ಬಹಳ, ಪಾಲಿಸಿದವನು ಇವನೊಬ್ಬನೇ. ಉಳಿದ ಪೇದೆಗಳು ಗೋಲು ಬಿದ್ದಾಗ, ಸಾಹೇಬರು ಕಾಣದಂತೆ, ಕತ್ತು ಹೊರಳಿಸಿ ಒಂದು ಕಳ್ಳನೋಟ ಹಾಕಿಬಿಡುವರು. ನಮ್ಮವನು ಅದನ್ನೂ ಹಾಕುತ್ತಿರಲಿಲ್ಲ. ಅದಕ್ಕೇ ಠಾಣೆಯವರು ಅವನಿಗೆ ಬೆನ್ನಪ್ಪ ಎಂದು ಹೆಸರಿಟ್ಟರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಹಾಗೆಂದು ಅವನು ಹುಟ್ಟಾ ಸನ್ಯಾಸಿಯೇನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ತಿರುಗಿದ್ದ. ಜನ ಹೋ ಎಂದರು. ಇವನದೂ ಚಿಕ್ಕ ವಯಸ್ಸು, ಏನಾಯಿತೆಂದು ತಿರುಗಿದ. ಮುಖ ಮತ್ತೆ ಈಚೆ ತರುವಷ್ಟರಲ್ಲಿ ಹಿಂದಿನವರ ಭಾರವೆಲ್ಲ ಮುಂದಿನ ಸಾಲಿನ ಕಂಬಿಯ ಮೇಲೆ ಬಿದ್ದು, ಒಂದು ಮಗುವಿನ ತೋಳು ನಡುವೆ ಸಿಕ್ಕಿ ಮುರಿದಿತ್ತು. ಯಾರೂ ಅವನನ್ನು ದೂರಲಿಲ್ಲ. ಅವನು ತಿರುಗಿದ್ದನ್ನು ಯಾರೂ ನೋಡಿಯೇ ಇರಲಿಲ್ಲ, ಎಲ್ಲರೂ ಗೋಲು ನೋಡುತ್ತಿದ್ದರಲ್ಲ. ಆದರೆ ಆ ಮಗುವಿನ ಕೂಗು ಅವನ ಕಿವಿಯಲ್ಲಿ ಮನೆ ಮಾಡಿಕೊಂಡಿತು. ಅಂದಿನಿಂದ ಹೊಸಬರಿಗೆ ಅವನು ಹೇಳಿಕೊಡುತ್ತಿದ್ದ ಮಾತು ಒಂದೇ: “ಎಲ್ಲರ ಕಣ್ಣೂ ಒಂದೇ ಕಡೆ ಹೋದಾಗ, ಇನ್ನೊಂದು ಕಡೆ ನೋಡೋನು ಒಬ್ಬ ಇರ್ಬೇಕಪ್ಪ.” ಹೊಸಬರು ಭಕ್ತಿಯಿಂದ ತಲೆಯಾಡಿಸಿ, ಸೀಟಿ ಊದಿದ ಕೂಡಲೇ ಆಟ ನೋಡಲು ನಿಲ್ಲುತ್ತಿದ್ದರು.

ಬೀದಿಯ ಕ್ಷೌರಿಕನಿಗೆ ಇದನ್ನೆಲ್ಲ ಬಿಡಿಸಿ ಹೇಳಿ ಬೆನ್ನಪ್ಪ ಸೋತಿದ್ದ. “ನಾನು ಒಂದು ಗೋಲೂ ನೋಡಿಲ್ಲ ಮಾರಾಯ” ಎಂದರೆ, “ಇರ್ಲಿ ಬಿಡಿ, ಪೊಲೀಸ್‌ನೋರು ಯಾವ್ದಕ್ಕೆ ತಾನೇ ಸಾಕ್ಷಿ ಹೇಳ್ತೀರಿ?” ಎಂದು ಅವನು ಕತ್ತರಿ ಆಡಿಸುವನು. ಕೊನೆಗೆ ಬೆನ್ನಪ್ಪ ಸುಳ್ಳಿಗೇ ಶರಣಾದ. ಜನ ಹಣೆ ಚಚ್ಚಿಕೊಂಡರೆ ಚೆಂಡು ಕಂಬಕ್ಕೆ ಬಡಿದಿದೆ, ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಂಡರೆ ಗೋಲು, ಎಲ್ಲರೂ ಒಟ್ಟಿಗೆ ಯಾರದೋ ತಾಯಿಯನ್ನು ಎತ್ತಿ ಆಡಿದರೆ ರೆಫರಿ ತಪ್ಪು ಮಾಡಿದ್ದಾನೆ. ಮುಖಗಳಿಂದ ಹೆಕ್ಕಿದ ಇಷ್ಟು ಸಾಮಗ್ರಿಗೆ ಒಗ್ಗರಣೆ ಹಾಕಿ ಅವನು ಹೇಳುವ ಕಥೆಗೆ ಕ್ಷೌರದಂಗಡಿ ಬಾಯಿ ಬಿಟ್ಟುಕೊಂಡು ಕೂರುತ್ತಿತ್ತು.

ಮನೆಯಲ್ಲಿ ಮಾತ್ರ ಅವನ ಬೇಳೆ ಬೇಯುತ್ತಿರಲಿಲ್ಲ. ಟಿವಿಯಲ್ಲಿ ಪಂದ್ಯ ಬಂದರೆ ಅವನ ಹೆಂಡತಿಗೂ ಮಗಳಿಗೂ ಚೆಂಡಿನ ಚಿಂತೆಯೇ ಇಲ್ಲ. ಗೆರೆಯಾಚೆ ನಿಂತ ಖಾಕಿ ಸಾಲಿನಲ್ಲಿ ಅಪ್ಪನ ಬೆನ್ನು ಯಾವುದು ಎಂದು ಹುಡುಕುವುದೇ ಆಟ. ಎಡಭುಜ ಸ್ವಲ್ಪ ಇಳಿದಿರುತ್ತಿತ್ತು, ಟೋಪಿಯ ಕೆಳಗೆ ಕತ್ತಿನ ಮಡಿಕೆ ಕಾಣುತ್ತಿತ್ತು. ಮಗಳು ಇನ್ನೂ ಪೂರಾ ಮಾತು ಬರದವಳು, ಪರದೆಯ ಮೇಲೆ ಬೆರಳಿಟ್ಟು “ಅಪ್ಪ, ಅಪ್ಪ” ಎನ್ನುವಳು. ಬೇರೆ ಮಕ್ಕಳು ಅಪ್ಪನ ಮುಖ ನೋಡಿ ನಕ್ಕರೆ ಈ ಕೂಸು ಬೆನ್ನು ನೋಡಿ ಚಪ್ಪಾಳೆ ತಟ್ಟಿ ಬೆಳೆಯಿತು.

ಬೆಳೆದದ್ದೂ ಹೇಗೆ! ಮನೆಯ ಹಿಂದಿನ ಗೋಡೆಗೆ ಚೆಂಡು ಒದ್ದು ಒದ್ದು ಗಾರೆ ಉದುರಿಸಿದಳು. ಶಾಲೆಯಲ್ಲಿ ಗೋಲ್‌ಕೀಪರಾಗಿ ನಿಲ್ಲಲು ಯಾರೂ ಒಪ್ಪದಿದ್ದಾಗ ಹೋಗಿ ನಿಂತವಳು, ಮತ್ತೆ ಆ ಜಾಗ ಬಿಡಲೇ ಇಲ್ಲ. ಆದರೆ ಅವಳ ಪಂದ್ಯ ಒಂದು ಮೈದಾನದಲ್ಲಿದ್ದರೆ ಅಪ್ಪನ ಬಂದೋಬಸ್ತು ಇನ್ನೊಂದು ಮೈದಾನದಲ್ಲಿ. ಊರವರ ಮಕ್ಕಳೆಲ್ಲ ಆಡುವಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವನು ಸ್ವಂತ ಮಗಳ ಆಟವನ್ನು ಒಂದು ಸಲವೂ ನೋಡಿರಲಿಲ್ಲ. “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಹೆಂಡತಿ ಗಾದೆ ಹೇಳಿದರೆ ಅವನು ಬೂಟಿಗೆ ಪಾಲಿಶ್ ಹಾಕುತ್ತ ಕೂರುವನು.

ಕೊನೆಗೆ ಮಗಳ ತಂಡ ಫೈನಲ್ ತಲುಪಿತು. ಆ ಫೈನಲ್ ನಡೆಯುವುದು ದೊಡ್ಡ ಕ್ರೀಡಾಂಗಣದಲ್ಲೇ ಎಂದು ಗೊತ್ತಾದಾಗ ಬೆನ್ನಪ್ಪ ಹಿಗ್ಗಿ ಹೀರೇಕಾಯಿಯಾದ.

“ಅವತ್ತು ನಾನೂ ಅಲ್ಲೇ ಇರ್ತೀನಿ ಕಣಮ್ಮಾ” ಎಂದ.

ಮಗಳು ಊಟದ ಮೇಜಿನ ಮುಂದೆ ಕೂತು ಊದಿದ ಬೆರಳುಗಳಿಗೆ ಪಟ್ಟಿ ಸುತ್ತುತ್ತಿದ್ದಳು. ತಲೆ ಎತ್ತದೆ, “ಬರೋದಾದ್ರೆ ನೋಡೋಕೆ ಬಾ ಅಪ್ಪ. ಕಾಯೋಕೆ ಬರ್ಬೇಡ” ಎಂದಳು. ಪಟ್ಟಿಯ ತುದಿಯನ್ನು ಹಲ್ಲಿನಿಂದ ಕತ್ತರಿಸಿ, “ನಿನ್ನ ಬೆನ್ನು ನೋಡಿದ್ದು ಸಾಕಾಗಿದೆ” ಎಂದಳು.

ಹೆಂಡತಿ ಬೈದಿದ್ದರೆ ಅವನು ಸಹಿಸುತ್ತಿದ್ದ. ಇದು ನೇರವಾಗಿ ಎದೆಗೆ ಹೋಯಿತು. ಮರುದಿನ ರಜಾ ಅರ್ಜಿ ಹಿಡಿದು ಇನ್‌ಸ್ಪೆಕ್ಟರ ಮುಂದೆ ನಿಂತ.

“ರಜಾ ಹಾಕಿ ಎಲ್ಲಿಗೆ ಹೋಗ್ತೀಯಪ್ಪ?”

“ಕ್ರೀಡಾಂಗಣಕ್ಕೆ ಸಾರ್.”

“ಅವತ್ತು ನಿನ್ನ ಡ್ಯೂಟಿ ಎಲ್ಲಿ?”

“ಕ್ರೀಡಾಂಗಣದಲ್ಲೇ ಸಾರ್.”

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತಲ್ಲಯ್ಯ ಇದು! ಸರ್ಕಾರ ಸಂಬಳ ಕೊಟ್ಟು ಕಳಿಸೋ ಜಾಗಕ್ಕೆ ರಜಾ ಹಾಕಿ ಹೋಗ್ತಾರಾ ಯಾರಾದ್ರೂ?”

“ಮಗಳು ಆಡ್ತಿದ್ದಾಳೆ ಸಾರ್. ಡ್ಯೂಟೀಲಿದ್ರೆ ಬೆನ್ನು ಹಾಕಿ ನಿಲ್ಬೇಕಲ್ಲ.”

“ಅಷ್ಟಕ್ಕೆ ರಜಾ ಯಾಕೆ? ಎರಡು ಸಲ ತಿರುಗಿ ನೋಡ್ಬಿಡು. ನಾನು ಕಂಡೂ ಕಾಣದ ಹಾಗೆ ಇರ್ತೀನಿ.”

“ಅದು ಮಾತ್ರ ನನ್ನ ಕೈಲಿ ಆಗಲ್ಲ ಸಾರ್.”

ಗಣ್ಯರ ಗ್ಯಾಲರಿಯ ನೆರಳಿನಲ್ಲಿ ಕೂತು ಪ್ರತಿ ಪಂದ್ಯವನ್ನೂ ಮೊದಲಿನಿಂದ ಕೊನೆಯವರೆಗೆ ನೋಡುತ್ತಿದ್ದ ಇನ್‌ಸ್ಪೆಕ್ಟರಿಗೆ ಈ ಪ್ರಾಮಾಣಿಕತೆ ಇರುಸುಮುರುಸು ಮಾಡಿತು. ಇವನು ಎದುರಿನಿಂದ ತೊಲಗಿದರೆ ಸಾಕೆಂದು ಸಹಿ ಹಾಕಿದರು.

ಪಂದ್ಯದ ದಿನ ಇಸ್ತ್ರಿ ಮಾಡಿದ ಚೌಕುಳಿ ಅಂಗಿ ತೊಟ್ಟು, ಹೆಂಡತಿಯನ್ನು ಕರೆದುಕೊಂಡು ಬೆನ್ನಪ್ಪ ಸರದಿಯಲ್ಲಿ ನಿಂತ. ಗೇಟಿನಲ್ಲಿ ಮಹಿಳಾ ಪೇದೆ ಒಬ್ಬಳಿದ್ದಳು. ತಪಾಸಣೆ ಮಾಡುವುದನ್ನು ಇವನ ಕೈಯಲ್ಲೇ ಕಲಿತವಳು. “ನೀವಾ ಸಾರ್! ಹೋಗಿ ಹೋಗಿ” ಎಂದು ದಾರಿ ಬಿಟ್ಟಳು. ಸುಮ್ಮನೆ ಹೋಗುವ ಬುದ್ಧಿ ಇವನಿಗೆಲ್ಲಿಂದ ಬರಬೇಕು? “ಹಾಗೆಲ್ಲ ಬಿಡಬಾರ್ದಮ್ಮ. ಗುರುತಿನವರು ಅಂತ ಬಿಟ್ಟರೆ ಗೇಟು ಯಾಕೆ ಬೇಕು? ಚೀಲ ನೋಡು” ಎಂದು ಪಾಠ ಹೇಳಿದ. ಅವಳು ನೋಡಿದಳು. ಹೆಂಡತಿಯ ಚೀಲದಿಂದ ಸೇಬು ಹೆಚ್ಚುವ ಚಾಕು, ನೀರಿನ ಬಾಟಲಿ, ಮಡಚುವ ಕೊಡೆ ಮೂರೂ ಹೊರಗೆ ಬಂದು ನೀಲಿ ಡಬ್ಬಿಗೆ ಬಿದ್ದವು. ಸೇಬು ಮಾತ್ರ ಒಳಗೆ ಹೋಗಲು ಅನುಮತಿ ಪಡೆಯಿತು.

“ಶಿಷ್ಯೆ ಚೆನ್ನಾಗಿ ಕಲ್ತಿದ್ದಾಳೆ ರೀ” ಎಂದಳು ಹೆಂಡತಿ. “ಈಗ ಸೇಬನ್ನ ನಿಮ್ಮ ಹಲ್ಲಲ್ಲೇ ಹೆಚ್ಚಿ ಕೊಡಿ.”

ಅವರ ಜಾಗ ಮೂಲೆಯ ಗ್ಯಾಲರಿಯಲ್ಲಿ, ಗೋಲಿನ ಪಕ್ಕಕ್ಕೆ, ಮುಂದಿನಿಂದ ಕೆಲವೇ ಸಾಲು ಹಿಂದೆ. ಆಟ ಶುರುವಾಯಿತು. ಬೆನ್ನಪ್ಪ ನೋಡಲು ಹೊರಟ. ಅಯ್ಯೋ, ಅದೇನು ಸುಲಭವೇ? ಇಪ್ಪತ್ತೆರಡು ಮಂದಿ ಅತ್ತಿಂದಿತ್ತ ಓಡುತ್ತಿದ್ದರು, ಚೆಂಡೊಂದು ಅವರ ಕಾಲುಗಳ ನಡುವೆ ಕಳೆದುಹೋಗುತ್ತಿತ್ತು. ಮಗಳ ತಂಡದವರದು ಹಳದಿ ಅಂಗಿ, ಗೋಲ್‌ಕೀಪರಾದ ಮಗಳು ಮಾತ್ರ ಆಚೆ ತುದಿಯಲ್ಲಿ ಹಸಿರು ಚುಕ್ಕೆಯ ಹಾಗೆ ಕಾಣುತ್ತಿದ್ದಳು. ಎರಡು ನಿಮಿಷ ನೋಡುವಷ್ಟರಲ್ಲಿ ಅವನ ಕತ್ತು ತನ್ನಷ್ಟಕ್ಕೆ ತಾನೇ ತಿರುಗಿ, ಮೇಲಿನ ಸಾಲಿನಲ್ಲಿ ಎದ್ದುನಿಂತವನು ಯಾರು, ಮೆಟ್ಟಿಲಿಗೆ ಅಡ್ಡ ಕೂತವರು ಯಾರು ಎಂದು ವಿಚಾರಿಸಿಕೊಂಡು ಬರುವುದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಇದು ಇಲಾಖೆ ಕೊಟ್ಟ ಗುಣ, ರಜೆ ಹಾಕಿದರೆ ಹೋಗುತ್ತದೆಯೇ? ಹೆಂಡತಿ ಪ್ರತಿ ಸಲವೂ ಅಂಗಿಯ ತೋಳು ಜಗ್ಗಿ, “ಅಲ್ಲಿ ರೀ, ಅಲ್ಲಿ” ಎಂದು ಮೈದಾನ ತೋರಿಸುವಳು.

ಅವನ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಅವನ ಬದಲಿಗೆ ಗೆರೆಯಲ್ಲಿ ನಿಂತಿದ್ದ ಹೊಸ ಪೇದೆ ಜನಕ್ಕೆ ಬೆನ್ನು ಹಾಕಿ, ಸೊಂಟಕ್ಕೆ ಕೈಯಿಟ್ಟು, ಹಾಯಾಗಿ ಆಟ ಸವಿಯುತ್ತಿದ್ದ. ಎದ್ದು ಹೋಗಿ ಭುಜ ಹಿಡಿದು ತಿರುಗಿಸೋಣ ಎನ್ನಿಸಿತು. ಹೆಂಡತಿಯ ಮುಖ ನೋಡಿ ಕೂತ.

ವಿರಾಮ ಮುಗಿದು ಆಟ ಮತ್ತೆ ಶುರುವಾದಾಗ ಅವನು ಗಾಬರಿಯಾದ. “ನಮ್ಮ ಹುಡುಗಿ ಎಲ್ಲೇ? ಅಲ್ಲಿ ಬೇರೆ ಯಾರೋ ನಿಂತಿದ್ದಾಳಲ್ಲ!”

“ಅರ್ಧ ಆದ್ಮೇಲೆ ಪಕ್ಕ ಬದಲಾಯಿಸ್ತಾರೆ ರೀ. ಇಲ್ಲೇ, ನಿಮ್ಮ ಮೂಗಿನ ಮುಂದೆ ಇದ್ದಾಳೆ.”

ವಿರಾಮವೆಂದರೆ ಶೌಚಾಲಯದ ಬಾಗಿಲಿನ ನೂಕುನುಗ್ಗಲು ಎಂದಷ್ಟೇ ತಿಳಿದಿದ್ದ ಮನುಷ್ಯನಿಗೆ ಇದು ಹೊಸ ಸಮಾಚಾರ. ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಅವನಿಗೆ ನಾಚಿಕೆಯಾಗಲಿಲ್ಲ. ಮಗಳು ಈಗ ನಿಜಕ್ಕೂ ಹತ್ತಿರದಲ್ಲಿದ್ದಳು. ಕೈಗವಸಿಗೆ ಉಗುಳಿ, ಎರಡೂ ಕೈ ತಟ್ಟಿ, ತನಗಿಂತ ದೊಡ್ಡ ಆಟಗಾರ್ತಿಯರನ್ನೆಲ್ಲ ಗದರಿಸುತ್ತಿದ್ದಳು. ಇಷ್ಟು ಗಟ್ಟಿ ಗಂಟಲು ಇವಳಿಗೆಲ್ಲಿಂದ ಬಂತು ಎಂದು ಅವನು ಬೆರಗಾದ. ಹೆಮ್ಮೆಯಿಂದ ಕಣ್ಣು ಒದ್ದೆಯಾಗಿ ಸ್ವಲ್ಪ ಹೊತ್ತು ಆಟ ಇನ್ನೂ ಮಸುಕಾಯಿತು.

ಎರಡೂ ತಂಡ ಒಂದೊಂದು ಗೋಲು ಹೊಡೆದು ಸಮಸಮ ನಿಂತಿದ್ದಾಗ, ಆಟ ಇನ್ನೇನು ಮುಗಿಯಿತು ಎನ್ನುವಾಗ, ಎದುರು ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಹೊಡೆಯುವವಳು ಚೆಂಡನ್ನು ಹುಲ್ಲಿನ ಮೇಲೆ ಇಟ್ಟಳು. ಗೋಲಿನಲ್ಲಿ ಮಗಳು ಒಬ್ಬಳೇ. ಇಡೀ ಕ್ರೀಡಾಂಗಣ ಒಮ್ಮೆಗೇ ಎದ್ದು ನಿಂತಿತು. ಎಲ್ಲರ ಕಣ್ಣೂ ಒಂದೇ ಕಡೆ.

ಎಲ್ಲರ ಕಣ್ಣೂ ಒಂದೇ ಕಡೆ ಹೋದ ಆ ಕ್ಷಣದಲ್ಲಿ ಬೆನ್ನಪ್ಪ ತಿರುಗಿ ನಿಂತ. ಬೇಕೆಂದು ಮಾಡಿದ್ದಲ್ಲ. ಹೆಂಡತಿ ಅಂಗಿ ಜಗ್ಗುವ ಸ್ಥಿತಿಯಲ್ಲಿರಲಿಲ್ಲ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವನ ಕಣ್ಣು ನೇರವಾಗಿ ಮೆಟ್ಟಿಲ ದಾರಿಗೆ ಹೋಯಿತು. ಮೇಲಿನ ಸಾಲಿನವರು ಆಟ ಚೆನ್ನಾಗಿ ಕಾಣಲೆಂದು ಇಳಿದಿಳಿದು ಬಂದು ದಾರಿ ತುಂಬಿದ್ದರು. ಮುಂದಿನ ಕಂಬಿಗೆ ಒತ್ತಿಕೊಂಡು ಒಬ್ಬಳು ಕಂಕುಳಲ್ಲಿ ಕೂಸನ್ನು ಹಿಡಿದು ನಿಂತಿದ್ದಳು. ಬೆನ್ನಪ್ಪ ಹಾರಿ ಮೆಟ್ಟಿಲಿಗೆ ಬಂದು, ಅವಳಿಗೆ ಅಡ್ಡನಿಂತು, ಎರಡೂ ಕೈ ಚಾಚಿ ಕೂಗಿದ: “ಹಿಂದೆ ಸರೀರಿ! ಕೂಸಿದೆ ಇಲ್ಲಿ, ಹಿಂದೆ!”

“ಯಾರಯ್ಯ ನೀನು? ಅಡ್ಡ ಬರ್ಬೇಡ, ಕೂತ್ಕೋ!” ಎಂದು ಒಬ್ಬ ಗದರಿದ. ಖಾಕಿ ಇದ್ದಾಗ ಕೈ ಎತ್ತಿದರೆ ಸಾಕಿತ್ತು. ಚೌಕುಳಿ ಅಂಗಿಯ ಕೈಗೆ ಮೂರು ಕಾಸಿನ ಬೆಲೆ ಇಲ್ಲ. ಆದರೂ ಅವನು ಎದೆಯೊಡ್ಡಿ ನಿಂತ. ಬೆನ್ನ ಹಿಂದೆ ಚೆಂಡು ಒದ್ದ ಸದ್ದು ಕೇಳಿಸಿತು. ಆಮೇಲೆ ಸಾವಿರಾರು ಬಾಯಿಗಳು ಅವನ ಮುಖದ ಮೇಲೇ ತೆರೆದುಕೊಂಡವು. ಗದರಿದ್ದವನೇ ಅವನನ್ನು ತಬ್ಬಿಕೊಂಡು ಎತ್ತಿದ. ಅಪರಿಚಿತರು ತಬ್ಬಿಕೊಂಡರೆ ಗೋಲು, ಮಗಳು ಸೋತಳು ಎಂದುಕೊಂಡ. ಆಮೇಲೆ ತಬ್ಬಿದವನ ಟೋಪಿ ತಮ್ಮ ಕಡೆಯ ಹಳದಿ ಬಣ್ಣದ್ದು ಎಂಬುದು ಕಣ್ಣಿಗೆ ಬಿತ್ತು. ಮಗಳು ಹಿಡಿದಿದ್ದಳು.

ಮೆಟ್ಟಿಲ ಮೇಲೆ ಏನೂ ಆಗಲಿಲ್ಲ. ಜನ ತಾವಾಗಿ ಚದುರಿದರು. ಕೂಸಿನ ತಾಯಿ ಅವನನ್ನು ದುರುಗುಟ್ಟಿ ನೋಡಿದಳು, ಅವಳ ಕಿವಿಯ ಹತ್ತಿರವೇ ಅವನು ಅರಚಿದ್ದ. ಆಗದೇ ಹೋದದ್ದಕ್ಕೆ ಯಾವ ಲೋಕದಲ್ಲೂ ಚಪ್ಪಾಳೆಯಿಲ್ಲ. ಆಮೇಲಿನ ಗಡಿಬಿಡಿಯಲ್ಲಿ ಮಗಳ ತಂಡ ಇನ್ನೊಂದು ಗೋಲು ಹೊಡೆದು ಗೆದ್ದಿತು. ಅದನ್ನೂ ಅವನು ನೋಡಲಿಲ್ಲ. ತಲೆ ತಗ್ಗಿಸಿ ಕೂತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಗಳು ಕೇಳಿದ್ದು ಒಂದೇ ಒಂದು, ಅದನ್ನೂ ಅವನು ಕಳೆದುಕೊಂಡಿದ್ದ.

ಹೊರಗೆ ಆಟಗಾರರ ಬಸ್ಸಿನ ಹತ್ತಿರ ಮಗಳು ಮಣ್ಣು ಮೆತ್ತಿದ ಮೊಣಕೈಯೊಂದಿಗೆ ಓಡಿ ಬಂದಳು. “ನೋಡಿದ್ಯಾ ಅಪ್ಪ?”

ಕ್ಷೌರದಂಗಡಿಯ ಅನುಭವ ಅವನ ನೆರವಿಗೆ ಬಂತು. “ನೋಡ್ದೆ ನೋಡ್ದೆ! ಎಡಗಡೆಗೆ ಹಾರಿ ಹಿಡಿದ್ಯಲ್ಲ, ಎಂಥಾ ನೆಗೆತ!”

“ಬಲಗಡೆ” ಎಂದಳು ಮಗಳು.

ಹೆಂಡತಿ ಸೇಬನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

“ಸುಳ್ಳು ಹೇಳ್ಬೇಡ ಅಪ್ಪ. ಆ ಹುಡುಗಿ ಪೆನಾಲ್ಟಿ ಒದೆಯೋದಕ್ಕೆ ಮುಂಚೆ ಒಂದ್ಸಲ ನಿಮ್ಮ ಕಡೆ ನೋಡ್ದೆ. ಹೆದರಿಕೆ ಆಗಿತ್ತಪ್ಪ, ಧೈರ್ಯಕ್ಕೆ ಅಂತ ನೋಡ್ದೆ. ಅಷ್ಟೂ ಜನದ ಮುಖ ನನ್ನ ಮೇಲಿತ್ತು. ಅಮ್ಮ ಕಣ್ಣು ಮುಚ್ಕೊಂಡಿದ್ಲು. ಪಕ್ಕದಲ್ಲಿ ಒಂದೇ ಒಂದು ಬೆನ್ನು. ಎಡಭುಜ ಇಳಿದಿತ್ತು.” ಅವಳು ತೋಳಿನಿಂದ ಮುಖ ಒರೆಸಿಕೊಂಡು ನಕ್ಕಳು. “ಇಡೀ ಊರು ನೋಡ್ತಿದೆ, ನಮ್ಮನೆಯವ್ರು ಇಬ್ಬರನ್ನ ಬಿಟ್ಟು! ನಗು ಬಂದ್ಬಿಡ್ತು. ಹೆದರಿಕೆ ಹೋಗೇ ಬಿಡ್ತು. ನಗ್ತಾನೇ ಹಾರ್ದೆ.”

ಬೆನ್ನಪ್ಪ ಅವಳ ಪಟ್ಟಿ ಸುತ್ತಿದ ಬೆರಳುಗಳನ್ನು ಹಿಡಿದುಕೊಂಡ. “ತಪ್ಪಾಯ್ತು ಕಣಮ್ಮಾ” ಎಂದ. “ಹೇಗೆ ಹಿಡಿದೆ, ಒಂದ್ಸಲ ತೋರಿಸ್ತೀಯಾ?”

ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಮಗಳು ಚೀಲ ಕೆಳಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಮೊಣಕಾಲು ಬಾಗಿಸಿ ಕೈ ಅಗಲಿಸಿ ನಿಂತಳು. ಅಷ್ಟರಲ್ಲಿ ದೊಡ್ಡ ಗೇಟು ತೆರೆದು, ಗೆದ್ದ ಜನ ಕೇಕೆ ಹಾಕುತ್ತ ಅವನ ಹಿಂದಿನಿಂದ ಹೊರಗೆ ನುಗ್ಗಿತು. ಬೆನ್ನಪ್ಪನ ಕತ್ತು ಅರ್ಧ ತಿರುಗಿಯೇ ಬಿಟ್ಟಿತ್ತು.

ಹೆಂಡತಿ ಅವನ ಗಲ್ಲ ಹಿಡಿದು ಮತ್ತೆ ಮಗಳ ಕಡೆಗೆ ತಿರುಗಿಸಿದಳು. “ನೀವು ಅವಳನ್ನ ನೋಡಿ. ಜನಾನ ನಾನು ನೋಡ್ಕೋತೀನಿ” ಎಂದು, ಸೇಬನ್ನು ಚೀಲಕ್ಕೆ ಹಾಕಿ, ಅವನಿಗೆ ಬೆನ್ನು ಕೊಟ್ಟು ಗೇಟಿನತ್ತ ಮುಖ ಮಾಡಿ ನಿಂತಳು.