ಬೆನ್ನ ಮೇಲಿನ ಕೆಮ್ಮಣ್ಣು

ನಮ್ಮ ವಸ್ತಾದರ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಟೊಪ್ಪಿಗೆ ಸರಿಮಾಡಿಕೊಳ್ಳಬೇಕಾದರೆ ತಲೆಯನ್ನೇ ಕೈಯ ಹತ್ತಿರ ಬಗ್ಗಿಸುತ್ತಿದ್ದರು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಗರಡಿ ಮನೆಯಲ್ಲಿ ನಮಗೆಲ್ಲ ಹಗ್ಗ ಏರಲು ಕಲಿಸಿದವರು ಇವರೇ.

ನಾನು ಟಿಕೋಟಾದಲ್ಲಿ ಬೇವಿನ ಮರಕ್ಕೆ ಹಗ್ಗ ಕಟ್ಟಿ ನನ್ನಷ್ಟಕ್ಕೆ ನಾನೇ ಕಲಿತವನು. ಗರಡಿಗೆ ಬಂದ ಮೊದಲ ದಿನವೇ ಕಾಲು ಹಚ್ಚದೆ ಜಂತಿಯವರೆಗೆ ಏರಿ ಇಳಿದು, ಶಾಬಾಸ್ ಅಂದಾರು ಎಂದು ನಿಂತೆ.

"ತೋಳಿಲೆ ಏರಿದಿ," ಅಂದರು.

"ಮತ್ತ ಯಾತರಲೆ ಏರ್ತಾರ್ರಿ?"

"ಬೆನ್ನಿಲೆ."

ಅವರದೊಂದು ಪದ್ಧತಿಯಿತ್ತು. ಕೆಮ್ಮಣ್ಣು ಕಲಸಿ ನಮ್ಮ ಬೆನ್ನಿಗೆ, ತೋಳಿಗೆ ತೆಳ್ಳಗೆ ಸವರುವರು. ಒಣಗಿದ ಮೇಲೆ ಹಗ್ಗ ಹಿಡಿಸುವರು. ಯಾವ ಸ್ನಾಯು ದುಡಿಯಿತೋ ಅದರ ಮೇಲಿನ ಮಣ್ಣು ಬಿರಿಯುತ್ತಿತ್ತು. ಕಂಕುಳಿನ ಹಿಂದೆ ಬಿರಿದರೆ ಸರಿ. ಬರೀ ರಟ್ಟೆ ಬಿರಿದರೆ ಇಳಿಸಿಬಿಡುವರು. ನನ್ನದು ದಿನಾ ರಟ್ಟೆಯೇ.

ಬಬಲೇಶ್ವರದಲ್ಲಿ ಹಗ್ಗದ ಪ್ರದರ್ಶನ ಬಂತು. ಬೆನ್ನ ಮೇಲಿನ ಮಣ್ಣು ಬಿರಿದವರು ಮಾತ್ರ ಅಲ್ಲಿ ಏರಬೇಕು. ನನಗೋ ಏರಲೇಬೇಕು. ರಟ್ಟೆಯ ಮೇಲೆ ಮಣ್ಣು ಒಣಗಿ ಬಿರಿಯದಿರಲಿ ಎಂದು ಮನೆಯಲ್ಲೇ ಕುಸುಬೆ ಎಣ್ಣೆ ತಿಕ್ಕಿಕೊಂಡು ಹೋದೆ. ವಸ್ತಾದರು ಸವರಿದ ಮಣ್ಣು ಜಾರಿ ನೆಲಕ್ಕೆ ಬಿತ್ತು. ಅವರು ಬೆರಳು ಮೂಸಿ ನೋಡಿದರು.

"ಏನಲೇ, ನಿಮ್ಮವ್ವ ಒಗ್ಗರಣಿ ಹಾಕಿ ಕಳಿಸ್ಯಾಳೇನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ನಗಲಿಲ್ಲ. ನನ್ನನ್ನು ಗೋಡೆಯ ಬದಿಗೆ ಕರೆದು ಬಲಗೈ ಎತ್ತಿದರು. ಅದು ಭುಜದ ಮಟ್ಟಕ್ಕೆ ನಿಂತಿತು.

"ನಾನೂ ತೋಳಿಲೆ ಏರಿದಾಂವ. ಹೇಳವ್ರು ಯಾರೂ ಇದ್ದಿಲ್ಲ. ನಿನಗ ಮೊಣಕೈ ನೋಯಾಕತ್ತೈತಿ, ಹೌದಲ್ಲೋ?"

ಯಾರಿಗೂ ಹೇಳಿರಲಿಲ್ಲ ನಾನು. "ನಿಮಗ್ಯಾರು ಹೇಳಿದ್ರರಿ?"

"ಚಾದ ಕಪ್ಪು ಎಡಗೈಲೆ ಹಿಡೀತಿ. ನನಗ ಕಣ್ಣಿಲ್ಲೇನು?"

ಬಬಲೇಶ್ವರದಲ್ಲಿ ನನ್ನ ಕೆಲಸ ಹಗ್ಗದ ಬುಡ ಹಿಡಿದು ನಿಲ್ಲುವುದು. ಹೊಟ್ಟೆ ಉರಿಯುತ್ತಿತ್ತು. ಆದರೆ ಕೆಳಗಿನಿಂದ ಕತ್ತೆತ್ತಿದಾಗ ಏರುವವರ ಬೆನ್ನಲ್ಲದೆ ಬೇರೇನೂ ಕಾಣುವಂತಿರಲಿಲ್ಲ. ಮೊಣಕೈ ಮಡಚುವ ಮೊದಲೇ ಭುಜ ಕಿವಿಯಿಂದ ಕೆಳಗಿಳಿಯುತ್ತಿತ್ತು, ಕಂಕುಳಿನ ಹಿಂದಿನ ಅಗಲ ಸ್ನಾಯು ಬಿಗಿಯುತ್ತಿತ್ತು, ಆಮೇಲೆ ಮೈ ತಾನೇ ಮೇಲೆ ಹೋಗುತ್ತಿತ್ತು. ಬೆರಳುಗಳು ಬರೀ ಕೊಂಡಿ.

"ತಿಳೀತೇನು?" ಪಕ್ಕದಲ್ಲಿ ವಸ್ತಾದರು.

"ತಿಳೀತ್ರಿ."

ಆದರೂ ಒಂದು ತಿಂಗಳು ಏರಗೊಡಲಿಲ್ಲ. ಬರೀ ಜೋತುಬೀಳುವುದು, ಭುಜ ಇಳಿಸುವುದು. ಕೊನೆಗೊಂದು ಸಂಜೆ ನನ್ನ ಬೆನ್ನಿನ ಮೇಲೆ ಮಣ್ಣು ಚಟಚಟ ಬಿರಿಯಿತು. ಆ ಬಿರುಕಿನ ಗುಂಟ ಬೆರಳಾಡಿಸಿ, "ಹಾಂ, ಈಗ ನಿನ್ನ ಬೆನ್ನಿನ ಗುರ್ತು ಆತು ನಿನಗ," ಅಂದರು.

ಹೋದ ವರ್ಷ ಅವರು ತೀರಿಕೊಂಡರು. ಅದಕ್ಕೂ ವಾರದ ಮುಂಚೆ ನೋಡಲು ಹೋಗಿದ್ದೆ. ಅಷ್ಟರಲ್ಲಿ ನಾನು ಎಷ್ಟೋ ಊರುಗಳಲ್ಲಿ ಹಗ್ಗ ಏರಿ ಹೆಸರು ಮಾಡಿದ್ದೆ. ಅದೊಂದನ್ನೂ ಅವರು ಕೇಳಲಿಲ್ಲ.

"ಮೊಣಕೈ ಹೆಂಗೈತಿ?" ಅಂದರು.

"ಚಲೋ ಐತ್ರಿ."

"ಸಾಕು ಬಿಡು," ಎಂದು ಗೋಡೆಯತ್ತ ಹೊರಳಿ ಮಲಗಿದರು.