ಗಾಜಿನಕ್ಕ ಗಾಡಿ ಹುಡುಕಿದ್ದು

ಹಳೆಯ ಪಿಕಪ್ ಕೊನೆಯುಸಿರೆಳೆದದ್ದು ಆಸ್ಪತ್ರೆ ರಸ್ತೆಯ ಏರಿನ ನಟ್ಟನಡುವೆ, ಬೆನ್ನ ಮೇಲೆ ಒಂಬತ್ತು ನಿಲುಗನ್ನಡಿ ಹೊತ್ತುಕೊಂಡು. ಗಾಜಿನಕ್ಕ ಹ್ಯಾಂಡ್‌ಬ್ರೇಕ್ ಎಳೆದಳು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಳು, ಒಂದೊಂದೇ ಕನ್ನಡಿಯನ್ನು ಎದೆಗೊತ್ತಿಕೊಂಡು ಏರಿನ ತುದಿಯ ಬಟ್ಟೆ ಅಂಗಡಿಗೆ ಒಂಬತ್ತು ಸಲ ನಡೆದು ಮುಟ್ಟಿಸಿದಳು. ಒಂದೂ ಒಡೆಯಲಿಲ್ಲ. ಬಟ್ಟೆ ಅಂಗಡಿಯವನು ಮಾತ್ರ, ಕನ್ನಡಿಯ ಮೇಲೆ ಬೆರಳಿನ ಗುರುತು ಇದೆ, ಒರೆಸಿಕೊಟ್ಟು ಹೋಗಿ ಎಂದ.

ಅವಳಿಗೆ ಆಗ ಐವತ್ತೆರಡು. ಅಪ್ಪನಿಂದ ಬಂದ ಗಾಜಿನಂಗಡಿ. ಗಂಡ ಒಳಗೆ ಕೂತು ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದ, ಇವಳು ಗಾಜು ಕೊಯ್ದು, ಗಾಡಿಗೇರಿಸಿ, ತಾನೇ ಓಡಿಸಿಕೊಂಡು ಹೋಗಿ ಕಿಟಕಿಗೆ ಕೂರಿಸಿ ಬರುತ್ತಿದ್ದಳು. ಊರಿಗೆಲ್ಲ ಅವಳು ಗಾಜಿನಕ್ಕ.

ಮೇಸ್ತ್ರಿ ಬಂದು ಬಾನೆಟ್ ಎತ್ತಿ ನೋಡಿದ. ಇಪ್ಪತ್ತು ವರ್ಷ ಆ ಗಾಡಿಯನ್ನು ರಿಪೇರಿ ಮಾಡಿದವನು, ಮಾತು ಕಡಿಮೆ.

"ಇದಕ್ಕೆ ಹಾಕೋ ದುಡ್ಡಿಗೆ ಇನ್ನೊಂದು ಗಾಡಿ ಬರುತ್ತೆ. ಬಿಟ್ಟುಬಿಡಿ ಅಕ್ಕ," ಎಂದು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದ.

ಎರಡು ವಾರ ಬಾಡಿಗೆ ಗಾಡಿಗಳಲ್ಲಿ ಕಳೆಯಿತು. ಬಾಡಿಗೆಯವರಿಗೆ ಗುಂಡಿ ಕಂಡರೆ ಅದೇನೋ ಪ್ರೀತಿ. ಮೂರು ಹಾಳೆ ಗಾಜು ಚೂರಾದವು. "ಗಾಜು ಅಂದಮೇಲೆ ಒಡೆಯುತ್ತೆ ಮೇಡಂ," ಎಂದು ಅವಳಿಗೇ ಪಾಠ ಹೇಳಿದ ಒಬ್ಬ ಚಾಲಕ. ಹೊಸ ಗಾಡಿ ಕೈಗೆಟುಕುವ ಮಾತಲ್ಲ. ಹಳೆಯದೇ ಆಗಲಿ, ದಾರಿಯಲ್ಲಿ ಕೈಕೊಡಬಾರದು, ಡೀಸೆಲ್ಲನ್ನು ನೀರಿನಂತೆ ಕುಡಿಯಬಾರದು, ಹಿಂಭಾಗ ಕುಲುಕಬಾರದು. ಅವಳು ಕೇಳಿದ್ದು ಇಷ್ಟೇ.

ಸುದ್ದಿ ತಿಳಿದ ಮರುದಿನವೇ ತಮ್ಮ ಹಾಜರಾದ. ಅವನು ಚಪ್ಪಲಿ ಅಂಗಡಿಯಲ್ಲಿ ಮ್ಯಾನೇಜರು. ಜನ್ಮದಲ್ಲಿ ಸ್ಕೂಟರ್ ಬಿಟ್ಟು ಇನ್ನೊಂದನ್ನು ಓಡಿಸಿದವನಲ್ಲ. ಆದರೆ ರಾತ್ರಿ ಬೆಳಗಾಗುವುದರೊಳಗೆ ಪಿಕಪ್ ಪಂಡಿತನಾಗಿದ್ದ. ಅಕ್ಕನ ಫೋನಿಗೆ ನಲವತ್ತು ವೀಡಿಯೊ ಕಳಿಸಿದ್ದ.

"ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋದು ಅಂದ್ರೆ ಹುಡುಗಾಟ ಅಲ್ಲ ಅಕ್ಕ. ನೀನು ಸುಮ್ನಿರು, ಮಾತು ನನಗೆ ಬಿಡು."

"ಇಪ್ಪತ್ತೆರಡು ವರ್ಷದಿಂದ ಓಡಿಸ್ತಿರೋಳು ನಾನು ಕಣೋ."

"ಓಡಿಸೋದು ಬೇರೆ, ಆರಿಸೋದು ಬೇರೆ," ಎಂದ ತಮ್ಮ.

ಅವನು ಮೊದಲು ಕರೆದೊಯ್ದದ್ದು ಬೈಪಾಸಿನ ಪಕ್ಕದ ಒಬ್ಬ ದಲ್ಲಾಳಿಯ ಅಂಗಳಕ್ಕೆ. ಅಲ್ಲಿ ನಿಂತಿದ್ದ ಬಿಳಿ ಪಿಕಪ್ಪನ್ನು ಮದುವಣಗಿತ್ತಿಯಂತೆ ತೊಳೆದು ಮಿರಿಮಿರಿ ಮಾಡಿದ್ದರು. ದಲ್ಲಾಳಿ ಅವಳ ಕಡೆ ತಲೆಯಾಡಿಸಿ, ಮಾತನ್ನೆಲ್ಲ ತಮ್ಮನ ಜೊತೆ ಆಡಿದ.

"ಒಬ್ಬರೇ ಮಾಲೀಕರು ಸಾರ್. ಮೀಟರ್ ನೋಡಿ, ನಲವತ್ತೊಂದು ಸಾವಿರ. ನಿಂತಿದ್ದೇ ಜಾಸ್ತಿ, ಓಡಿದ್ದು ಕಡಿಮೆ."

"ಹಾಡು ಹಾಕೋ ವ್ಯವಸ್ಥೆ ಇದೆಯಾ?" ಎಂದು ತಮ್ಮ ಕೇಳಿದ.

ಗಾಜಿನಕ್ಕ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಆಗಲೇ ಬೆಚ್ಚಗಿತ್ತು. ತಣ್ಣಗಿರುವಾಗ ಒಂದೇ ಸಲಕ್ಕೆ ಹೊತ್ತಿಕೊಳ್ಳದ ಎಂಜಿನ್ನನ್ನು ಗಿರಾಕಿ ಬರುವ ಮೊದಲೇ ಬಿಸಿ ಮಾಡಿಡುತ್ತಾರೆಂದು ಅವಳಿಗೆ ಗೊತ್ತು. ಬಾಗಿಲು ತೆಗೆದು ಕೆಳಗೆ ಬಗ್ಗಿದಳು. ನಲವತ್ತೊಂದು ಸಾವಿರ ಓಡಿದ ಗಾಡಿಯ ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗೆ ಬೋಳಾಗಿತ್ತು. ಆಮೇಲೆ ಅವಳು ತನ್ನ ಕಸುಬಿನ ಕಣ್ಣಿನಿಂದ ಗಾಜುಗಳನ್ನು ನೋಡುತ್ತ ಗಾಡಿಯ ಸುತ್ತ ಒಂದು ಸುತ್ತು ಬಂದಳು. ವಾಹನದ ಪ್ರತಿ ಗಾಜಿನ ಮೂಲೆಯಲ್ಲೂ ಅದು ತಯಾರಾದ ಕಾಲದ ಗುರುತನ್ನು ಅಚ್ಚೊತ್ತಿರುತ್ತಾರೆ. ಕೊಳ್ಳುವವರು ಯಾರೂ ಅದನ್ನು ಓದುವುದಿಲ್ಲ.

"ಗಾಡಿ ಹುಟ್ಟಿ ಏಳು ವರ್ಷ ಅಲ್ವಾ?" ಎಂದಳು.

"ಹೌದು ಸಾರ್, ಏಳು," ಎಂದು ದಲ್ಲಾಳಿ ತಮ್ಮನಿಗೆ ಉತ್ತರಿಸಿದ.

"ಮುಂದಿನ ಗಾಜು, ಎಡಗಡೆ ಬಾಗಿಲಿನ ಗಾಜು, ಹಿಂದಿನ ಕಿಟಕಿ, ಈ ಮೂರೂ ಹುಟ್ಟಿದ್ದು ಹೋದ ವರ್ಷ. ಬಲಗಡೆದು ಮಾತ್ರ ಏಳು ವರ್ಷದ್ದು."

ದಲ್ಲಾಳಿ ಅವಳನ್ನು ಮೊದಲ ಸಲ ನೇರವಾಗಿ ನೋಡಿದ. "ಅದು ಮೇಡಂ, ದಾರೀಲಿ ಸಣ್ಣ ಕಲ್ಲು ಸಿಡಿದು..."

"ಒಂದೇ ಕಲ್ಲು ಮುಂದೆ ಒಡೆದು, ಎಡಕ್ಕೆ ತಿರುಗಿ, ಹಿಂದಿನದನ್ನೂ ಒಡೆದುಕೊಂಡು ಹೋಯ್ತಾ? ಈ ಗಾಡಿ ಎಡಮಗ್ಗುಲಿಗೆ ಪಲ್ಟಿ ಹೊಡೆದಿದೆ ಅನ್ನಿ, ಮುಗೀತು."

ವಾಪಸು ಬರುವಾಗ ದಾರಿಯುದ್ದಕ್ಕೂ ತಮ್ಮ ಮುಖ ಊದಿಸಿಕೊಂಡಿದ್ದ. ಅಷ್ಟೊಳ್ಳೆ ಬಣ್ಣದ ಗಾಡಿ, ಮಾತಾಡಿ ಕೆಡಿಸಿದೆ ಎಂದ. ಹೊರಗೆ ಥಳಕು ಒಳಗೆ ಹುಳುಕು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಎರಡನೆಯದು ಪೀಠೋಪಕರಣ ಮಾರುವವನದ್ದು. ನೋಡಲು ಅಡ್ಡಿಯಿಲ್ಲ. ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರು ಕೊಡುತ್ತದೆ ಎಂದು ಅವನು ಎದೆ ತಟ್ಟಿ ಹೇಳಿದ.

"ಹಾಗಾದ್ರೆ ಟ್ಯಾಂಕಿನ ಕತ್ತಿನವರೆಗೆ ತುಂಬಿಸೋಣ. ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸೋಣ. ಎಷ್ಟು ಹಿಡಿಯುತ್ತೋ ಅಷ್ಟೇ ಕುಡಿದಿದೆ ಅಂತ. ಡೀಸೆಲ್ ನಂದು," ಎಂದಳು ಗಾಜಿನಕ್ಕ.

"ನಂಬಿಕೆನೇ ಇಲ್ಲದ ಮೇಲೆ ವ್ಯವಹಾರ ಯಾಕಮ್ಮ?"

"ನಂಬಿಕೆ ಇದೆ. ಲೆಕ್ಕ ನೋಡಿದರೆ ಇನ್ನೂ ಗಟ್ಟಿಯಾಗುತ್ತೆ."

ಅವನು ಗೊಣಗುತ್ತಲೇ ಜೊತೆಗೆ ಬಂದ. ಐವತ್ತು ಕಿಲೋಮೀಟರಿಗೆ ನಾಲ್ಕು ಲೀಟರಿಗಿಂತ ಹೆಚ್ಚೇ ಹಿಡಿಯಿತು, ಲೀಟರಿಗೆ ಹನ್ನೆರಡು ಕಿಲೋಮೀಟರೂ ದಾಟಲಿಲ್ಲ. ಮೊದಲು ಅವನು ಅವಳ ಕಾಲಿನ ಮೇಲೆ ದೂರು ಹೇಳಿದ, ಹೆಂಗಸರು ಆಕ್ಸಿಲರೇಟರ್ ಒತ್ತುವುದು ಜಾಸ್ತಿ ಎಂದ. ಆಮೇಲೆ ಎದುರುಗಾಳಿ ಎಂದ. ಕೊನೆಗೆ ಡೀಸೆಲ್ ಹಾಕಿದವನನ್ನೇ ಹಿಡಿದು ಜಗಳಕ್ಕೆ ನಿಂತ. ಗಾಜಿನಕ್ಕ ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು ಬಸ್ಸು ಹತ್ತಿದಳು. ತಮ್ಮನೂ ಹತ್ತಿದ.

"ನಿನಗೆ ಯಾವ ಗಾಡಿ ತೋರಿಸಿದರೂ ಕುಂಟುನೆಪ. ಹೆಣ್ಣು ನೋಡೋರೂ ಇಷ್ಟು ಪರೀಕ್ಷೆ ಮಾಡಲ್ಲ. ನಾನಿನ್ನು ಬರೋದಿಲ್ಲ," ಎಂದ.

"ಬರಬೇಡ," ಎಂದಳು. ಅವಳ ಒಳಗೆ ಎಲ್ಲೋ ನಿರಾಳವಾಯಿತು, ಅದಕ್ಕೆ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಆರು ವಾರ ಕಳೆದಿತ್ತು. ಹೋದಲ್ಲೆಲ್ಲ, ಮನೆಯಲ್ಲಿ ಗಂಡಸರು ಯಾರೂ ಬರಲಿಲ್ಲವಾ ಎಂಬ ಪ್ರಶ್ನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಪ್ರತಿಯೊಬ್ಬನ ತಗಡೂ ಅವನಿಗೆ ಬಂಗಾರ. ತಲೆ ಚಿಟ್ಟು ಹಿಡಿದು ಅವಳು ಮೇಸ್ತ್ರಿಯ ಶೆಡ್ಡಿಗೆ ಹೋಗಿ ಒಂದು ಹಳೆಯ ಟೈರಿನ ಮೇಲೆ ಕುಕ್ಕರಿಸಿದಳು.

ಮೇಸ್ತ್ರಿ ಕೈ ಒರೆಸಿಕೊಂಡ. "ಮೊಟ್ಟೆ ಮಾವನ ಗಾಡಿ ಇದೆ. ಹನ್ನೊಂದು ವರ್ಷ ನನ್ನ ಹತ್ರನೇ ಬಂದಿದೆ. ಗಾಡಿ ಒಳ್ಳೇದು," ಎಂದ. ಸ್ವಲ್ಪ ತಡೆದು, "ಮಾವನದೇ ಕಷ್ಟ," ಎಂದು ಸೇರಿಸಿದ.

ಮೊಟ್ಟೆ ಮಾವ ಅಂಗಡಿ ಅಂಗಡಿಗೆ ಮೊಟ್ಟೆ ಮುಟ್ಟಿಸುತ್ತಿದ್ದ ಮುದುಕ. ಅವನ ಪಿಕಪ್ಪಿನ ನೀಲಿ ಬಣ್ಣ ಬಿಸಿಲಿಗೆ ಬೂದಿಯಾಗಿತ್ತು, ಮುಂದಿನ ಬಂಪರು ಒಳಗೆ ಹೋಗಿತ್ತು, ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು.

"ಯಾಕೆ ಮಾರ್ತಿದೀರಿ?" ಎಂದು ಅವಳು ಕೇಳಿದಳು.

"ಕಣ್ಣು ಮಂಜಾಯ್ತು. ಹೋದ ತಿಂಗಳು ನಮ್ಮ ಗೇಟು ಎರಡು ಕಾಣಿಸ್ತು. ಇಲ್ಲದೇ ಇರೋ ಗೇಟಿನೊಳಗೆ ಹೋದೆ. ಮಗಳು ಬೀಗದ ಕೈ ಕಿತ್ಕೊಂಡಳು. ಅದಿರಲಿ, ನೀವು ಗೇರ್ ಬದಲಾಯಿಸುವಾಗ ಕ್ಲಚ್ ಪೂರ್ತಿ ಒತ್ತುತ್ತೀರೋ, ಅರ್ಧನೋ?"

ಅಲ್ಲಿಂದ ಪ್ರಶ್ನೆಗಳ ಸುರಿಮಳೆ. ಉಬ್ಬು ಬಂದಾಗ ಎಷ್ಟು ಮೊದಲೇ ನಿಧಾನ ಮಾಡುತ್ತೀರಿ, ಆಯಿಲ್ ಎಷ್ಟು ದಿನಕ್ಕೆ ಬದಲಿಸುತ್ತೀರಿ, ಬೇರೆಯವರ ಕೈಗೆ ಗಾಡಿ ಕೊಡುವ ಅಭ್ಯಾಸ ಉಂಟೋ. ಗಾಜಿನಕ್ಕ ಹಲ್ಲು ಕಚ್ಚಿ ಉತ್ತರ ಕೊಟ್ಟಳು. ಕೊನೆಗೆ ಮುದುಕ ಒಳಗಿನಿಂದ ಮೂವತ್ತು ಮೊಟ್ಟೆಯ ಒಂದು ತಟ್ಟೆ ತಂದು, ಗಾಡಿಯ ಹಿಂಭಾಗದ ಬರೀ ಹಲಗೆಯ ಮೇಲಿಟ್ಟ.

"ಮಾರ್ಕೆಟ್ಟಿನ ತನಕ ಹೋಗಿ ಬನ್ನಿ."

"ಕೊಳ್ಳೋದು ನಾನಾ, ನೀವಾ?"

"ಕೊಡೋದು ನಾನಲ್ವಾ," ಎಂದ ಮೊಟ್ಟೆ ಮಾವ.

ಸಿಟ್ಟಿನಿಂದಲೇ ಕೂತು ಬೀಗದ ಕೈ ತಿರುಗಿಸಿದಳು. ಬೆಳಗಿನಿಂದ ಅಲುಗದೆ ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮಾರ್ಕೆಟ್ಟಿನ ರಸ್ತೆ ಕಿತ್ತುಹೋಗಿತ್ತು. ಗಾಡಿ ಗುಂಡಿಗಿಳಿದರೆ ಅಯ್ಯೋ ಎನ್ನದೆ ಮೆಲ್ಲಗೆ ಎದ್ದು ಬರುತ್ತಿತ್ತು. ಹಿಂದಿನ ಸ್ಪ್ರಿಂಗ್ ಪಟ್ಟೆಗಳು ಹನ್ನೊಂದು ವರ್ಷ ಹಗುರ ಹೊರೆಯನ್ನಷ್ಟೇ ಹೊತ್ತು ಹದವಾಗಿದ್ದವು. ಕ್ಲಚ್ಚು ಮಾತ್ರ ತೀರಾ ಮೇಲೆ ಬಂದು ಹಿಡಿಯುತ್ತಿತ್ತು. ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಎರಡು ಹಾಳೆ ಗಾಜು ನಿಲ್ಲಿಸಿದರೆ ಭಾರ ಎಲ್ಲಿ ಬೀಳುತ್ತದೆ ಎಂದು ಯೋಚಿಸುತ್ತ ತಿರುವು ತೆಗೆದಳು.

ಮರಳಿ ಬಂದಾಗ ಮುದುಕ ಮೊಟ್ಟೆಗಳನ್ನು ಒಂದೊಂದಾಗಿ ಕಣ್ಣ ಹತ್ತಿರ ಹಿಡಿದು ನೋಡಿದ. ಮೂಲೆಯಲ್ಲಿದ್ದ ಒಂದು ಬಿರುಕು ಬಿಟ್ಟಿತ್ತು. ಗಾಜಿನಕ್ಕನ ಮುಖ ಕೆಂಪಾಯಿತು.

"ನಾನು ಒಡೆದಿರಲಾರೆ. ಆದರೆ ನನ್ನ ಕೈಯಲ್ಲಿದ್ದಾಗ ಆಗಿದೆ, ಇಲ್ಲ ಅನ್ನೋಕೆ ಬರಲ್ಲ," ಎಂದಳು.

"ಅದು ಮೊದಲೇ ಒಡೆದಿತ್ತು. ನಾನೇ ಇಟ್ಟಿದ್ದು. ನೀವು ಏನಂತೀರಿ ನೋಡೋಣ ಅಂತ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆರು ವಾರದ ದಲ್ಲಾಳಿಗಳು, ಬಾಡಿಗೆಯವರು, ತಮ್ಮನ ನಲವತ್ತು ವೀಡಿಯೊ, ಎಲ್ಲವೂ ಒಟ್ಟಿಗೆ ಬಾಯಿಗೆ ಬಂತು. "ಮಾವ, ನಾನು ಸಂಬಂಧ ಬೆಳೆಸೋಕೆ ಬಂದಿಲ್ಲ, ಗಾಡಿ ನೋಡೋಕೆ ಬಂದಿದೀನಿ. ನಿಮ್ಮ ಪರೀಕ್ಷೆ ಮುಗಿದಿದ್ರೆ ನಂದು ಶುರು ಮಾಡ್ತೀನಿ. ನಾಳೆ ಬೆಳಿಗ್ಗೆ ಮೇಸ್ತ್ರಿ ಬಂದು ಗಾಡಿ ಕೆಳಗೆ ಮಲಗಿ ನೋಡ್ತಾನೆ. ಐವತ್ತು ಕಿಲೋಮೀಟರ್ ಓಡಿಸಿ ಡೀಸೆಲ್ ಅಳೀತೀನಿ. ಒಪ್ಪಿಗೆನಾ?"

"ಐವತ್ತು ಸಾಲದು, ನೂರು ಓಡಿಸಿ," ಎಂದ ಮುದುಕ. ಆಮೇಲೆ ತಾನಾಗಿಯೇ ಹೇಳತೊಡಗಿದ: "ಕ್ಲಚ್ ಪ್ಲೇಟು ಸವೆದಿದೆ, ಮೂರು ತಿಂಗಳು ಬಂದರೆ ಹೆಚ್ಚು. ಬ್ಯಾಟರಿ ಹಳೇದು. ತುಂಬ ಹೊರೆ ಹಾಕಿ ಏರು ಹತ್ತಿಸಿದರೆ ಎರಡನೇ ಗೇರಲ್ಲೇ ಹೋಗುತ್ತೆ, ಬೈಕೋಬೇಡಿ, ಅದರ ಸ್ವಭಾವ. ಮೊಟ್ಟೆ ವಾಸನೆ ಹೋಗೋದಿಲ್ಲ."

ಆರು ವಾರದಲ್ಲಿ ಗಾಡಿಯ ಕುಂದನ್ನು ತನ್ನ ಬಾಯಿಂದಲೇ ಹೇಳಿದವನು ಇವನೊಬ್ಬ. ಅವಳ ಸಿಟ್ಟು ಇಳಿಯಲಿಲ್ಲ, ಆದರೂ ಮನಸ್ಸು ಅಲ್ಲೇ ಗಟ್ಟಿಯಾಯಿತು.

ಮರುದಿನ ನೂರು ಕಿಲೋಮೀಟರಿಗೆ ಆರು ಲೀಟರು ಹಿಡಿಯಿತು. ಮೇಸ್ತ್ರಿ ಅಡಿಯಿಂದ ಎದ್ದು ಬಂದು, ತುಕ್ಕಿಲ್ಲ, ಸೋರಿಕೆಯಿಲ್ಲ ಎಂದ. ಕ್ಲಚ್ಚಿನ ಖರ್ಚು ಕಳೆದು ಬೆಲೆ ಹೇಳಿದ್ದೂ ಮುದುಕನೇ. ಹೆಸರು ವರ್ಗಾಯಿಸಲು ಕಚೇರಿಗೆ ನಾಲ್ಕು ಸಲ ಅಲೆದದ್ದು ಬೇರೆಯೇ ಪುರಾಣ. ಒಂದು ಸಲ ಫೋಟೊದಲ್ಲಿ ಅವಳ ಕಿವಿ ಕಾಣುತ್ತಿಲ್ಲವೆಂದು ವಾಪಸು ಕಳಿಸಿದರು.

ಕ್ಲಚ್ಚು ಮೂರು ತಿಂಗಳಲ್ಲ, ಐದು ತಿಂಗಳು ಬಂತು. ಗಾಜು ಒಂದೂ ಒಡೆಯಲಿಲ್ಲ. ಮೊಟ್ಟೆ ಮಾವ ಮಾತ್ರ ಪ್ರತಿ ಸೋಮವಾರ ಫೋನ್ ಮಾಡಿ, "ಆಯಿಲ್ ನೋಡಿದಿರಾ?" ಎಂದು ಕೇಳುತ್ತಾನೆ. ನೋಡಿದೆ ಎಂದು ರೇಗಿಕೊಂಡೇ ಹೇಳುತ್ತಾಳೆ. ಹೇಳಿದ ಮೇಲೆ ಹೋಗಿ ನೋಡುತ್ತಾಳೆ.

ಮೊನ್ನೆ ಅವಳು ಮೇಜಿನ ಮೇಲೆ ಉದ್ದನೆಯ ಗಾಜಿನ ಹಾಳೆ ಮಲಗಿಸಿ ಕೊಯ್ಯುತ್ತಿದ್ದಾಗ, ಬಾಗಿಲಲ್ಲಿ ಗಿರಾಕಿಯೊಬ್ಬರ ಹತ್ತಿರ ತಮ್ಮ ಹೇಳುತ್ತಿದ್ದ: "ಆ ನೀಲಿ ಗಾಡಿ ನೋಡಿ, ಲೀಟರಿಗೆ ಹದಿನಾರು. ಆರು ವಾರ ಅಲೆದಾಡಿ ಕೊಡಿಸಿದೆ. ಅಕ್ಕನಿಗೆ ಇದೆಲ್ಲ ಗೊತ್ತಾಗಲ್ಲ."

ಗಾಜಿನಕ್ಕನ ಬಾಯಿ ತೆರೆಯಿತು. ಆದರೆ ವಜ್ರದ ಮೊನೆ ಅರ್ಧ ಹಾಳೆ ದಾಟಿತ್ತು, ಅಲ್ಲಿ ಕೈ ನಿಂತರೆ ಗಾಜು ಕೆಟ್ಟಿತೆಂದೇ ಲೆಕ್ಕ. ಉಸಿರು ಬಿಗಿಹಿಡಿದು ಗೆರೆಯನ್ನು ಅಂಚಿನ ತನಕ ಎಳೆದು ಮುಗಿಸಿದಳು. ತಲೆಯೆತ್ತುವಷ್ಟರಲ್ಲಿ ತಮ್ಮ ಆ ಗಿರಾಕಿಗೆ ಪಿಕಪ್ಪಿನ ಬಾನೆಟ್ ಎತ್ತಿ ತೋರಿಸಲು ಹೊರಟಿದ್ದ, ಹಿಡಿ ಎಲ್ಲಿದೆ ಎಂದು ತಡಕಾಡುತ್ತ.